ಹುಲ್ಲಿಗೆ ಅರ್ಥ ಹೇಳಲು ಹೋದ ದಿನ

ಬೆಳಿಗ್ಗೆ ಗಂಡನ ಡಬ್ಬಿಗೆ ಚಪಾತಿ ಸುತ್ತಿಟ್ಟು, ಮಗಳ ಬಾಟಲಿಗೆ ನೀರು ತುಂಬಿಸಿ, ಕಿಟಕಿಯ ಅಂಚಿನಲ್ಲಿದ್ದ ಕೊತ್ತಂಬರಿ ಕುಂಡಕ್ಕೂ ನಾಲ್ಕು ಹನಿ ಹಾಕಿದೆ. ಎಂದಿನ ಕೆಲಸಗಳೇ. ಆದರೆ ಫ್ರಿಜ್ಜಿನ ಮೇಲೆ ನನ್ನ ನೋಟ್‌ಬುಕ್ಕು ಕಾಯುತ್ತಿತ್ತು.

ಈ ಪರದೇಶದಲ್ಲಿ, ಸ್ಕೋಫೀಲ್ಡ್ಸ್ ಬಡಾವಣೆಯ ನಮ್ಮ ಮನೆಯಿಂದ ಹತ್ತು ನಿಮಿಷದ ದೂರದ ಲೈಬ್ರರಿಯಲ್ಲಿ ಪ್ರತಿ ಗುರುವಾರ ಆರು ಜನ ಸೇರುತ್ತೇವೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನ್ ಭಾಷೆಯಲ್ಲಿ ಬರೆದ ಕವಿತೆಗಳನ್ನು ಇಂಗ್ಲಿಷಿನಲ್ಲಿ ಓದುತ್ತೇವೆ. ಬರೀ ಮರ, ಹಿಮ, ಕಲ್ಲು, ಹುಲ್ಲು. ಏನೂ ತಿಳಿಯುವುದಿಲ್ಲವೆಂದು ಕೆಲವರಿಗೆ ಬೇಸರ ಬಂದಿತ್ತು. ಆ ದಿನ ಮಾತಾಡುವ ಸರದಿ ನನ್ನದು. ಆಮೇಲೂ ಬೇಸರವೇ ಆದರೆ ಮುಂದಿನ ವಾರದಿಂದ ಪತ್ತೇದಾರಿ ಕಾದಂಬರಿ ಎಂದು ತೀರ್ಮಾನವಾಗಿತ್ತು. ವಾರದಲ್ಲಿ ನನ್ನದೇ ಆದ ಒಂದೂವರೆ ಗಂಟೆ ಅದು. ಅದನ್ನು ಪತ್ತೇದಾರರಿಗೆ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

“ಮಮ್ಮಿ, ಡೋಂಟ್ ಸ್ಟ್ಯಾಂಡ್ ಅಪ್ ಆಂಡ್ ರೀಡ್, ಓಕೆ?” ಎಂದಳು ಮಗಳು.

“ಕೂತ್ಕೊಂಡು ಉತ್ತರ ಹೇಳಿದ್ರೆ ನಮ್ಮ ಕಾನ್ವೆಂಟಲ್ಲಿ ಸಿಸ್ಟರ್ ಹೊರಗೆ ನಿಲ್ಲಿಸ್ತಿದ್ರು.”

“ಲೈಬ್ರರಿಯಲ್ಲಿ ಸಿಸ್ಟರ್ ಇಲ್ಲ ಮಾರಾಯ್ತಿ,” ಎಂದು ಗಂಡ ಶೂ ಹಾಕುತ್ತಾ ನಕ್ಕರು.

ಆದರೂ ಲೈಬ್ರರಿಯಲ್ಲಿ ನನ್ನ ಸರದಿ ಬಂದಾಗ ಎದ್ದು ನಿಂತೆ. ಒಂದು ಕೈಯಲ್ಲಿ ನೋಟ್‌ಬುಕ್ಕು, ಇನ್ನೊಂದು ತಾನಾಗಿ ಬೆನ್ನ ಹಿಂದೆ ಹೋಯಿತು. ಕಾನ್ವೆಂಟಿನಲ್ಲಿ ಲಿಲ್ಲಿ ಎಂದರೆ ಪರಿಶುದ್ಧತೆ, ಗುಲಾಬಿ ಎಂದರೆ ತ್ಯಾಗ ಎಂದು ಬಾಯಿಪಾಠ ಮಾಡಿದವಳು ನಾನು. ಈ ಕವಿತೆಗಳಿಗೂ ಹಾಗೆಯೇ ಕೆಂಪು ಗೆರೆ ಎಳೆದು ಅರ್ಥಗಳ ಪಟ್ಟಿ ಮಾಡಿಕೊಂಡಿದ್ದೆ. “ಹಿಮ ಅಂದರೆ ಪರಿಶುದ್ಧತೆ,” ಎಂದು ಓದಿದೆ.

ಜರ್ಮನಿಯಲ್ಲಿ ಹುಟ್ಟಿದ, ಎಂಬತ್ತು ದಾಟಿದ ಅಜ್ಜಿಯೊಬ್ಬರು ನಮ್ಮ ಗುಂಪಿನಲ್ಲಿದ್ದಾರೆ. ಅವರು ಮೆಲ್ಲಗೆ ಹೇಳಿದರು: “ಈ ಕವಿ ಹಿಮದ ಬಿಳುಪು ನೋಡ್ತಾ ಇಲ್ಲಮ್ಮ. ಅಡಿಯಲ್ಲಿ ಏನಿದೆ ಅಂತ ಕಾಣದ ಹಾಗೆ ಅದು ಮುಚ್ಚುತ್ತಲ್ಲ, ಅದನ್ನ ನೋಡ್ತಿದ್ದಾನೆ.”

ಮುಂದಿನದು ಹುಲ್ಲು. ಪಟ್ಟಿಯಲ್ಲಿ ಅದಕ್ಕೆ ‘ಭರವಸೆ’ ಎಂದು ಬರೆದಿದ್ದೆ. ನೋಟ್‌ಬುಕ್ಕು ಮುಚ್ಚಿ ಕುಳಿತೆ. ಕುಳಿತ ಮೇಲೆ ಮಾತು ಬಂತು. ಮಂಗಳೂರಿನಲ್ಲಿ ನಮ್ಮ ಕ್ರೈಸ್ತರು ನವೆಂಬರಿನ ಸತ್ತವರ ಹಬ್ಬಕ್ಕೆ ಮುಂಚೆ ಇಗರ್ಜಿಯ ಪಕ್ಕದ ಸಮಾಧಿಗಳ ಹುಲ್ಲು ಕೀಳುತ್ತಾರೆ. ಮಳೆಗಾಲದಲ್ಲಿ ಹೆಸರುಗಳೇ ಮುಚ್ಚಿಹೋಗಿರುತ್ತವೆ. ಚಿಕ್ಕಂದಿನಲ್ಲಿ ನಾವು ಕಿತ್ತಂತೆಲ್ಲ ಒಂದೊಂದೇ ಅಕ್ಷರ ಹೊರಬರುತ್ತಿತ್ತು. ನಮ್ಮದು ಮುಗಿದ ಮೇಲೆ, ಯಾರೂ ಬಾರದ ಪಕ್ಕದ ಸಮಾಧಿಯನ್ನೂ ನನ್ನ ಅಜ್ಜಿ ತೋರಿಸುತ್ತಿದ್ದರು: “ಇವರಿಗೂ ಒಂದು ಹೆಸರುಂಟಲ್ಲ.” ಈ ಕವಿತೆಯ ಹುಲ್ಲೂ ಹಸಿರಾದಷ್ಟೂ ಯುದ್ಧದಲ್ಲಿ ಸತ್ತು ಕೆಳಗೆ ಮಲಗಿದವರ ಹೆಸರು ಮುಚ್ಚುತ್ತದೇನೋ ಎಂದೆ.

ಪತ್ತೇದಾರಿಯೇ ಬೇಕೆಂದಿದ್ದ ನಿವೃತ್ತ ಬಸ್ ಡ್ರೈವರ್ ಕನ್ನಡಕ ಒರೆಸಿಕೊಂಡು, “ಆ ಕವಿತೆ ಇನ್ನೊಂದ್ಸಲ ಓದಿ. ಕಾದಂಬರಿಯ ಕೊಲೆಗಾರ ಎಲ್ಲೂ ಓಡಿಹೋಗಲ್ಲ,” ಎಂದರು. ಜರ್ಮನ್ ಅಜ್ಜಿ ಮೂಲದಲ್ಲೇ ಓದಿದರು. ಮೂರು ಸಲ ಓದಿಸಿದೆವು. ಮುಂದಿನ ವಾರಕ್ಕೂ ಕವಿತೆಯೇ, ಬರ್ಚ್ ಮರದ್ದು.

ಕಾರಿನಲ್ಲಿ ಕೂತು ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. “ಹುಲ್ಲು ಕಿತ್ತದ್ದೆಲ್ಲ ನಾನು,” ಎಂದಳು ಅವಳು. “ನೀನು ಕೂತ್ಕೊಂಡು ನೆಲಗಡಲೆ ತಿಂತಿದ್ದಿ.”

ಸಂಜೆ ಪಕ್ಕದ ಮನೆಯ ಮೈಸೂರಿನವರು ಮನೆಮುಂದಿನ ಹುಲ್ಲು ಕತ್ತರಿಸುತ್ತಿದ್ದರು. ಖುಷಿ ತಡೆಯಲಾರದೆ ಅವರಿಗೂ ಎಲ್ಲ ಹೇಳಿದೆ. ಮಷಿನ್ ನಿಲ್ಲಿಸಿ ಕೇಳಿದವರು, ಮತ್ತೆ ಅದರ ಹಗ್ಗ ಎಳೆಯಲು ಬಗ್ಗುತ್ತಾ ಹೇಳಿದರು: “ಹದಿನೈದು ದಿನಕ್ಕೊಂದ್ಸಲ ಈ ಹುಲ್ಲಿನ ಜೊತೆ ಒದ್ದಾಡೋನು ನಾನು. ನನ್ನನ್ನ ಮಾತ್ರ ಯಾರೂ ಲೈಬ್ರರಿಗೆ ಕರೆಯಲ್ಲ ನೋಡಿ ಆಂಟಿ.”