ಸೋಮವಾರ ಸಿಟ್ಟಾಗುವ ತಿಜೋರಿ

ನಮ್ಮ ಮನೆಯ ತಿಜೋರಿಗೆ ಸಿಟ್ಟು ಬರುತ್ತದೆ ಎಂಬುದನ್ನು ನಾನು ಎಂದೂ ಒಪ್ಪಿದವನಲ್ಲ. ಕಡೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು ನಾನು. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಕಾಯಿಸಿದರೆ ಹಿಗ್ಗುತ್ತದೆ, ಅದಕ್ಕಿಂತ ಹೆಚ್ಚಿನ ಭಾವನೆಗಳು ಅದಕ್ಕಿಲ್ಲ ಎಂದು ವರ್ಷವರ್ಷವೂ ಮಕ್ಕಳಿಗೆ ಹೇಳುತ್ತೇನೆ. ಆದರೆ ಸಂಜೆ ಬಸ್ಸಿಳಿದು ಅಜ್ಜಂಪುರದ ಮನೆಗೆ ಬಂದರೆ ನನ್ನ ವಿಜ್ಞಾನವನ್ನು ಚಪ್ಪಲಿಯ ಜೊತೆ ಜಗಲಿಯಲ್ಲೇ ಬಿಟ್ಟು ಒಳಗೆ ಹೋಗಬೇಕಾಗಿತ್ತು.

ತಿಜೋರಿ ನಡುಮನೆಯಲ್ಲಿದೆ. ನನ್ನ ಎದೆಯ ಎತ್ತರ, ನಾಲ್ಕು ಜನ ಸೇರಿದರೂ ಅಲುಗಾಡದ ಭಾರ. ವಿಕ್ಟೋರಿಯಾ ರಾಣಿಯ ಕಾಲ ಮುಗಿಯುವ ಹೊತ್ತಿಗೆ ವಿಲಾಯಿತಿಯಲ್ಲಿ ತಯಾರಾಗಿದ್ದು. ಊರು ಬಿಟ್ಟು ಹೋಗುತ್ತಿದ್ದ ಯಾವನೋ ಬಿಳಿಯ ಅಧಿಕಾರಿಯಿಂದ ನಮ್ಮ ಮುತ್ತಜ್ಜ ಕೊಂಡು ತಂದರಂತೆ. ಬಾಗಿಲ ಮೇಲೆ ಹಿತ್ತಾಳೆಯ ತಗಡು, ತಗಡಿನಲ್ಲಿ ಒಂದು ಸಿಂಹ, ಒಂದು ಕೋಡಿರುವ ಕುದುರೆ. ಅವುಗಳ ಕೆಳಗೆ ಇಂಗ್ಲಿಷಿನಲ್ಲಿ ಏನೇನೋ ಬರೆದಿದೆ. ಮನೆಯವರಿಗೆ ಬೇಕಾಗಿದ್ದು ಅದರಲ್ಲಿ ಒಂದೇ ಮಾತು: ಪೇಟೆಂಟ್. 'ನಮ್ದು ಪೇಟೆಂಟ್ ತಿಜೋರಿ' ಎಂದು ಅಪ್ಪ ಹೇಳುವಾಗ, ಪೇಟೆಂಟ್ ಎನ್ನುವುದು ಮುತ್ತಜ್ಜನಿಗೆ ಯಾರೋ ಜಂಗಮರು ಕೊಟ್ಟ ವರ ಎಂಬಂತೆ ಕೇಳಿಸುತ್ತಿತ್ತು. ಸಿಂಹಕ್ಕೂ ಕುದುರೆಗೂ ಪ್ರತಿ ಸೋಮವಾರ ಮೂರೆಳೆ ವಿಭೂತಿ ತಪ್ಪುತ್ತಿರಲಿಲ್ಲ.

ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಪೇಟೆಯಲ್ಲಿದ್ದ ನಮ್ಮ ಕಬ್ಬಿಣದ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಬಹಳ ದಿನಗಳಾದವು. ಉಳಿದಿದ್ದು ಎರಡು ಬೀಗದ ಕೈ. ಒಂದು ತಿಜೋರಿಯದು, ಇನ್ನೊಂದು ಹಿತ್ತಲಿನ ಹಳೇ ಗೋಡೌನಿನದು. ಎರಡೂ ಅವರ ಉಡಿದಾರದಲ್ಲೇ ಇರುತ್ತವೆ. ಸ್ನಾನಕ್ಕೆ ಹೋದರೂ ಬಿಚ್ಚುವುದಿಲ್ಲ. ಸೋಮವಾರ ಬೆಳಿಗ್ಗೆ ನಾವೆಲ್ಲ ಏಳುವ ಮೊದಲೇ ಮಿಂದು, ತಿಜೋರಿ ತೆಗೆದು, ಬೆಳ್ಳಿಯ ಆರತಿ ತಟ್ಟೆ ಹೊರಗಿಟ್ಟು ಪೂಜೆಗೆ ಕೂರುವುದು ಅವರ ರೂಢಿ. ಆ ಕೆಲಸಕ್ಕೆ ಬೇರೆ ಯಾರೂ ಕೈ ಹಾಕುವ ಹಾಗಿಲ್ಲ. 'ನಾನ್ ಇರಾಗಂಟ ಈ ಕೈ ನನ್ ಹತ್ರನೇ' ಎನ್ನುತ್ತಿದ್ದರು. ಮನೆಯಲ್ಲಿ ಅವರ ಯಜಮಾನಿಕೆ ಎಂದು ಉಳಿದಿದ್ದೂ ಅಷ್ಟೇ.

ಇನ್ನು ತಿಜೋರಿಯ ಸಿಟ್ಟು. ನನ್ನ ಚಿಕ್ಕಂದಿನಿಂದಲೂ ಎಷ್ಟೋ ವರ್ಷಕ್ಕೊಮ್ಮೆ ಅದು ಸರಿಯಾದ ಬೀಗದ ಕೈಗೂ ಜಪ್ಪಯ್ಯ ಅನ್ನದೆ ಕೂತುಬಿಡುತ್ತಿತ್ತು. ಆಗ ಅಜ್ಜಿ, ಅಜ್ಜಿಯ ನಂತರ ನನ್ನ ಅವ್ವ, ಅದಕ್ಕೆ ದೃಷ್ಟಿ ತೆಗೆಯುತ್ತಿದ್ದರು. ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಇಳಿ ತೆಗೆದ ಮೇಲೆ ಮನೆಯ ಯಜಮಾನ ಬೀಗದ ಕೈ ಹಾಕಿ ಎಡಕ್ಕೆ ಮೂರು ಸಲ ತಿರುವಬೇಕು. ಒಳಗಿನಿಂದ ಟಕ್ ಎಂದು ಸಣ್ಣ ಸದ್ದು. ಆಮೇಲೆ ಬಲಕ್ಕೆ ತಿರುವಿದರೆ ಬಾಗಿಲು ಸಲೀಸಾಗಿ ತೆರೆದುಕೊಳ್ಳುತ್ತಿತ್ತು. 'ಏನ್ ಕಣ್ಣೋ ಜನದ್ದು, ಕಬ್ಬಿಣಾನೂ ಬಿಡಾಕಿಲ್ಲ' ಎಂದು ಅವ್ವ ಮೆಣಸಿನಕಾಯಿಯನ್ನು ಒಲೆಗೆ ಹಾಕುತ್ತಿದ್ದರು. ಇಡೀ ಮನೆ ಕೆಮ್ಮುತ್ತಿತ್ತು.

ಕಳೆದ ವರ್ಷ ಇದು ವಿಪರೀತಕ್ಕೆ ಹೋಯಿತು. ವರ್ಷಗಟ್ಟಲೆ ಸುಮ್ಮನಿರುತ್ತಿದ್ದ ತಿಜೋರಿ ವಾರವಾರವೂ ಸಿಟ್ಟಾಗತೊಡಗಿತು. ಸೋಮವಾರ ಬಂತೆಂದರೆ ಮೆಣಸಿನಕಾಯಿ ಘಾಟು. ನಾನು ಕೆಮ್ಮುತ್ತ ಬಸ್ಸು ಹತ್ತಿ, ಕೆಮ್ಮುತ್ತ ಪಾಠ ಮಾಡಿ, ಒಂದು ದಿನ ತಾಳ್ಮೆ ತಪ್ಪಿ ಬಿಡುವಿನ ಪೀರಿಯಡ್ಡಿನಲ್ಲಿ ಫೋನ್ ಹಿಡಿದು ಕೂತೆ. ಹಿತ್ತಾಳೆ ತಗಡಿನ ಮೇಲಿದ್ದ ಪೇಟೆಂಟ್ ನಂಬರನ್ನು ಬರೆದಿಟ್ಟುಕೊಂಡಿದ್ದೆ. ಹಳೆಯ ಪೇಟೆಂಟುಗಳೆಲ್ಲ ಈಗ ಪುಕ್ಕಟೆ ನೋಡಲು ಸಿಗುತ್ತವೆ ಎಂದು ನನಗೆ ಗೊತ್ತಾಗಿದ್ದೇ ಆವತ್ತು.

ಹುಡುಕಿದ್ದು ಒಂದು, ಸಿಕ್ಕಿದ್ದು ನೂರು. ಆ ಕಾಲದ ಜನಕ್ಕೆ ಮಾಡಲು ಬೇರೆ ಕೆಲಸವಿರಲಿಲ್ಲವೋ ಏನೋ. ಎದುರಿಗೆ ಹೆಂಗಸರು ಬಂದಾಗ ತಲೆ ಬಾಗಿಸಿದರೆ ಸಾಕು, ತಾನೇ ಮೇಲೇಳುವ ಟೋಪಿ. ಟೀ ಕುಡಿಯುವಾಗ ಮೀಸೆ ಒದ್ದೆಯಾಗದಂತೆ ಕಟ್ಟಿಕೊಳ್ಳುವ ತಡೆ. ಹೊತ್ತಿಗೆ ಸರಿಯಾಗಿ ಮಲಗಿದವನನ್ನು ನೆಲಕ್ಕೆ ಉರುಳಿಸುವ ಮಂಚ. ಪ್ರತಿಯೊಂದಕ್ಕೂ ಚಿತ್ರ, ಚಿತ್ರದ ಸ್ಕ್ರೂ ಸ್ಕ್ರೂಗೂ ಅಕ್ಷರ, 'ಮೇಲೆ ಹೇಳಿದ ಟೋಪಿಯು ಮೇಲೆ ಹೇಳಿದ ಸ್ಪ್ರಿಂಗಿನಿಂದ' ಎಂದು ನಮ್ಮ ಕ್ರಯಪತ್ರಗಳನ್ನೂ ಮೀರಿಸುವ ಬರವಣಿಗೆ. ನಾನು ಎರಡು ವಾರ ಇದರಲ್ಲೇ ಮುಳುಗಿ, ಹತ್ತನೇ ತರಗತಿಗೆ ಬೆಳಕಿನ ವಕ್ರೀಭವನ ಹೇಳುವುದನ್ನೇ ಮರೆತೆ. ಕೊನೆಗೆ ನಮ್ಮ ತಿಜೋರಿಯ ಬೀಗವೂ ಸಿಕ್ಕಿತು.

ಸಿಕ್ಕಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಸಂಗತಿ ಇಷ್ಟೇ. ಬೀಗದೊಳಗೆ ಆರು ತೆಳು ಪಟ್ಟಿಗಳಿವೆ. ಸರಿಯಾದ ಕೈ ಹಾಕಿದರೆ ಆರೂ ಬೇಕಾದಷ್ಟೇ ಎತ್ತರಕ್ಕೆ ಏಳುತ್ತವೆ. ಬೇರೆ ಯಾವುದಾದರೂ ಕೈ ಹಾಕಿ ತಿರುವಿದರೆ ಒಂದು ಪಟ್ಟಿ ಹೆಚ್ಚು ಮೇಲೆದ್ದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಸರಿಯಾದ ಕೈಗೂ ಬೀಗ ಬರುವುದಿಲ್ಲ. ಅದೇ ಕೈಯನ್ನು ಒಮ್ಮೆ ಎಡಕ್ಕೆ ತಿರುವಿದರೆ ಕೊಕ್ಕೆ ಬಿಡುತ್ತದೆ. ಯಾರೋ ಕಳ್ಳಗೈ ಹಾಕಿದ್ದಾರೆ ಎಂದು ಯಜಮಾನನಿಗೆ ತಿಳಿಸುವುದಕ್ಕೇ ಮಾಡಿದ ಉಪಾಯ ಅದು. ನಮ್ಮ ಅಜ್ಜಿ ಇಂಗ್ಲಿಷಿನ ಒಂದಕ್ಷರ ಓದದೆ, ಉಪ್ಪು ಮೆಣಸಿನಕಾಯಿ ಹಿಡಿದು ಅದರ ಮದ್ದನ್ನು ಕಂಡುಹಿಡಿದಿದ್ದರು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ನಾನು ಪಾಠವನ್ನೇ ಮಾಡಿದೆ. ಪಟ್ಟಿಗಳಿಗೆ ಬದಲು ಹಪ್ಪಳ, ಕೊಕ್ಕೆಗೆ ಬದಲು ಚಮಚ. ಅಪ್ಪ, ಅವ್ವ, ನನ್ನ ಹೆಂಡತಿ ಮೂವರೂ ಬಾಯಿ ಬಿಟ್ಟುಕೊಂಡು ಕೇಳಿದರು. ನಾನು ಉಬ್ಬಿಹೋಗಿ ಕೊನೆಯ ವಾಕ್ಯವನ್ನೂ ಹೇಳಿಬಿಟ್ಟೆ: 'ದೃಷ್ಟಿಯೂ ಅಲ್ಲ, ಗಿಷ್ಟಿಯೂ ಅಲ್ಲ. ಈ ಮನೆಯಲ್ಲಿ ಯಾರೋ ವಾರವಾರ ಬೇರೆ ಬೀಗದ ಕೈ ಹಾಕ್ತಿದ್ದಾರೆ.'

ಮನೆಯಲ್ಲಿರುವವರು ನಾಲ್ಕೇ ಜನ. ಅಪ್ಪನ ಹತ್ತಿರ ಸರಿಯಾದ ಕೈಯೇ ಇದೆ. ಅವ್ವನಿಗೆ ಮಂಡಿ ನೋವು, ತಿಜೋರಿಯ ಮುಂದೆ ಬಗ್ಗಲಾರರು. ನಾನು ಪಾಠ ಮಾಡುತ್ತಿರುವವನು. ಅಪ್ಪ ಅವ್ವ ಇಬ್ಬರ ಕಣ್ಣೂ ನಿಧಾನವಾಗಿ ನನ್ನ ಹೆಂಡತಿಯ ಸೊಂಟದಲ್ಲಿದ್ದ ಬೀರುವಿನ ಬೀಗದ ಕೈ ಗೊಂಚಲಿನ ಕಡೆ ತಿರುಗಿದವು. ನನ್ನ ಕಣ್ಣೂ ತಿರುಗಿತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವಳು ಗೊಂಚಲನ್ನು ಬಿಚ್ಚಿ ನನ್ನ ತಟ್ಟೆಯ ಪಕ್ಕದಲ್ಲಿಟ್ಟಳು. 'ಹಂಗಾರೆ ಕಳ್ಳಿ ನಾನೇ ಅಂತಾಯ್ತಲ್ಲ. ಸಂತೋಷ ಕಣ್ರೀ. ಯಾರು ಅಂತ ಗೊತ್ತಾಗೋ ತನಕ ನಾನು ಆ ತಿಜೋರಿ ಮುಂದೆ ಹಾಯೋದಿಲ್ಲ' ಎಂದಳು.

ಬುಕ್ಕಾಂಬುಧಿಯ ಹೆಣ್ಣು, ಆಡಿದ ಮಾತು ಆಡಿದ್ದೇ. ನಮ್ಮ ಮನೆಯಲ್ಲಿ ಮುಂದಿನ ಕೋಣೆಯಿಂದ ಅಡುಗೆಮನೆಗೆ ಹೋಗಲು ನಡುಮನೆ ದಾಟಲೇಬೇಕು. ಮರುದಿನದಿಂದ ಅವಳು ಮುಂಬಾಗಿಲಿಂದ ಬೀದಿಗಿಳಿದು, ಪಕ್ಕದ ಓಣಿಯಲ್ಲಿ ನಡೆದು, ಹಿತ್ತಲ ಬಾಗಿಲಿಂದ ಅಡುಗೆಮನೆ ಸೇರತೊಡಗಿದಳು. ಅಪ್ಪನಿಗೆ ಜಗಲಿಗೆ ಕಾಫಿ ಕೊಡಬೇಕೆಂದರೆ ಲೋಟದ ಮೇಲೆ ತಟ್ಟೆ ಮುಚ್ಚಿ ಅದೇ ದಾರಿಯಲ್ಲಿ ವಾಪಸ್ಸು. ದಿನಕ್ಕೆ ಮೂವತ್ತು ಪ್ರದಕ್ಷಿಣೆ. ಓಣಿಯವರು ಕೇಳದೆ ಇರುತ್ತಾರೆಯೇ? ಕೇಳಿದವರಿಗೆಲ್ಲ ಅವಳು ನಿಂತು, ಹಪ್ಪಳ ಚಮಚದ ಸಮೇತ ವಿವರಿಸಿದಳು. ವಾರ ಕಳೆಯುವುದರೊಳಗೆ ಬೀರೂರು ಬಸ್ಸಿನ ಕಂಡಕ್ಟರು ಟಿಕೆಟ್ ಹರಿಯುತ್ತ 'ಮೇಷ್ಟ್ರೆ, ತಿಜೋರಿ ಕಳ್ಳ ಸಿಕ್ಕಿದ್ನಾ?' ಎಂದು ಕೇಳಿದ. ಬಸ್ಸಿನಲ್ಲಿದ್ದವರೆಲ್ಲ ನನ್ನ ಉತ್ತರಕ್ಕೆ ಕಾದರು. ನಾನು ಕಿಟಕಿಯಾಚೆ ನೋಡಿದೆ.

ಮನೆಯೊಳಗೆ ನಗುವ ಸ್ಥಿತಿ ಇರಲಿಲ್ಲ. ನನ್ನ ಹೆಂಡತಿ ಎಲ್ಲರ ಊಟವಾದ ಮೇಲೆ ಹಿತ್ತಲ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಇಪ್ಪತ್ತೆರಡು ವರ್ಷ ಈ ಮನೆಯಲ್ಲಿ ಬಾಳಿದವಳು. ಒಂದು ದಿನ ನಾನು ಪಕ್ಕದಲ್ಲಿ ಕೂತು ಸಮಾಧಾನ ಹೇಳಲು ಹೋದೆ. 'ನೀವು ನಂಬಿಲ್ಲ ಅಂದಿದ್ರೆ ಸಾಕಾಗಿತ್ತು. ನೀವೂ ನೋಡಿದ್ರಿ' ಎಂದಳು, ಅಷ್ಟೇ. ಅವಳ ಮೇಲಿನ ಸಂಶಯ ತೊಡೆಯದೆ ಬಿಡಬಾರದು ಎಂದು ಅಲ್ಲೇ ನಿಶ್ಚಯ ಮಾಡಿದೆ.

ತರೀಕೆರೆಯಲ್ಲಿ ತಲೆತಲಾಂತರದಿಂದ ಬೀಗ ರಿಪೇರಿ ಮಾಡುವ ಮನೆತನವೊಂದಿದೆ. ಅಲ್ಲಿನ ಹಿರಿಯ ಸಾಬರು ಸುಮಾರು ಅಪ್ಪನ ವಾರಗೆಯವರೇ. ಅವರನ್ನು ಭಾನುವಾರ ಕರೆದುಕೊಂಡು ಬಂದೆ. ಬಾಗಿಲು ತೆರೆಸಿ, ಒಳಮೈಯ ಸ್ಕ್ರೂ ಬಿಚ್ಚಿ, ಬೀಗವನ್ನು ಟವಲಿನ ಮೇಲಿಟ್ಟುಕೊಂಡು, ಒಂದು ಕಣ್ಣಿಗೆ ಮಸೂರ ಸಿಕ್ಕಿಸಿ ನೋಡಿದರು. ಅಪ್ಪ ಎದುರಿಗೆ ಮಣೆ ಹಾಕಿ ಕೂತಿದ್ದರು. ನಾನು ನಿಂತುಕೊಂಡು ಪೇಟೆಂಟಿನ ಚಿತ್ರ ಹಿಡಿದು, ಆ ಬೀಗದ ವಿಷಯವನ್ನು ಎಪ್ಪತ್ತು ವರ್ಷ ಬೀಗ ಬಿಚ್ಚಿದವರಿಗೆ ವಿವರಿಸುತ್ತಿದ್ದೆ. ಅವರು 'ಹೌದಾ ಮೇಷ್ಟ್ರೆ, ಹೌದಾ' ಎನ್ನುತ್ತಿದ್ದರು. ಮನೆಯ ಬೇರೆ ಬೀಗದ ಕೈಗಳನ್ನೆಲ್ಲ ಕೇಳಿ ಇಸಿದುಕೊಂಡರು. ಅಪ್ಪನಿಂದ 'ಯಜಮಾನ್ರೆ, ಇದರ ಕೈ ಕೊಡಿ' ಎಂದು ತಿಜೋರಿಯದನ್ನೂ, ಆಮೇಲೆ ಗೋಡೌನಿನದನ್ನೂ ಇಸಿದುಕೊಂಡರು. ಅವನ್ನು ಅಂಗೈಯಲ್ಲಿ ತಿರುವಿ ನೋಡಿ, ಎಣ್ಣೆ ಬಿಟ್ಟು, ಬೀಗ ಕೂರಿಸಿದರು. 'ಏನೂ ಇಲ್ಲ ಯಜಮಾನ್ರೆ. ತುಕ್ಕು, ಅಷ್ಟೇ' ಎಂದರು.

ನನಗೆ ರೇಗಿಹೋಯಿತು. ಆರು ಪಟ್ಟಿಗಳ ಸತ್ಯವನ್ನು ಇವರು ತುಕ್ಕಿಗೆ ಇಳಿಸಿದರಲ್ಲ ಎಂದು ಬಸ್‌ಸ್ಟಾಂಡಿನ ತನಕ ಜಗಳ ಕಾಯುತ್ತಲೇ ಹೋದೆ. ಟೀ ಅಂಗಡಿಯ ಬೆಂಚಿನ ಮೇಲೆ ಕೂತ ಮೇಲೆ ಸಾಬರು ಹೇಳಿದರು: 'ಮೇಷ್ಟ್ರೆ, ನೀವು ಓದಿದ್ದು ಸರೀನೇ. ಪಟ್ಟಿ ಮೇಲೆ ಹೊಸಾ ಗೆರೆ ಬಿದ್ದೈತೆ. ಗೋಡೌನ್ ಕೈ ಅಳತೆಗೆ ಸರಿಯಾಗಿ ಐತೆ. ನೀವು ಚಿತ್ರ ನೋಡ್ತಿದ್ರಿ, ನಾನು ನಿಮ್ಮಪ್ಪಾರ ಕೈ ನೋಡ್ತಿದ್ದೆ. ತಿಜೋರಿ ಕೈ ಕೊಡಿ ಅಂದೆ. ಅವರು ಕೊಟ್ಟಿದ್ದು ಗೋಡೌನ್ ಕೈ.'

ನಾನು ಟೀ ಲೋಟ ಕೆಳಗಿಟ್ಟೆ.

'ಎರಡೂ ಒಂದೇ ಉದ್ದ, ಒಂದೇ ತೂಕ. ಮಬ್ಬುಗತ್ಲಲ್ಲಿ ಮೊದಲು ಅದನ್ನ ಹಾಕ್ತಾರೆ. ಬರಲಿಲ್ಲ ಅಂತ ತೆಗೆದು, ಪಂಚೇಲಿ ಒರೆಸುವಾಗ ಕೈ ಅದಲುಬದಲಾಗಿ, ಸರಿಯಾದ್ದು ಹಾಕ್ತಾರೆ. ಅಷ್ಟೊತ್ತಿಗೆ ಸಿಕ್ಕಾಕೊಂಡಿರ್ತದೆ. ಅವರಿಗೆ ಎರಡೂ ಸಲ ಒಂದೇ ಕೈ ಹಾಕಿದೆ ಅಂತಲೇ. ಬೆರಳಿಗೂ ಗುರುತು ಹತ್ತಂಗಿಲ್ಲ ಈ ವಯಸ್ಸಲ್ಲಿ.' ಟೀ ಗುಟುಕರಿಸಿ ಅವರೇ ಅಂದರು, 'ನಂಗೂ ಹಂಗೇ ಆಗೈತೆ. ಮನೇಲಿ ಹೇಳಿಲ್ಲ.'

ಅವರನ್ನು ತರೀಕೆರೆ ಬಸ್ಸಿಗೆ ಹತ್ತಿಸಿ ನಾನು ಪೇಟೆಯಲ್ಲಿ ಸುಮ್ಮನೆ ಎರಡು ಸುತ್ತು ಹಾಕಿದೆ. ನಿಜ ಹೇಳಿದರೆ ಹೆಂಡತಿಯ ಹೆಸರು ಉಳಿಯುತ್ತದೆ, ಅಪ್ಪನ ಉಡಿದಾರ ಬರಿದಾಗುತ್ತದೆ. ಹೇಳದಿದ್ದರೆ ಅವಳು ಓಣಿ ಸುತ್ತುತ್ತಲೇ ಇರುತ್ತಾಳೆ. ಪೇಟೆಂಟು ಬರೆದ ಮಹರಾಯ ಕಳ್ಳನನ್ನು ಹಿಡಿಯುವ ದಾರಿ ಹೇಳಿದ್ದನೇ ಹೊರತು, ಹಿಡಿದ ಮೇಲೆ ಏನು ಮಾಡಬೇಕೆಂದು ಬರೆದಿರಲಿಲ್ಲ.

ಮನೆಗೆ ಬಂದವನೇ ಮೂವರನ್ನೂ ಹಿತ್ತಲಿಗೆ ಕರೆದು ಹೇಳಿದೆ: 'ಬೇರೆ ಕೈ ಹಾಕ್ತಿದ್ದವನು ನಾನೇ. ಬೀಗ ಹೇಗೆ ಕೆಲಸ ಮಾಡುತ್ತೆ ಅಂತ ಪರೀಕ್ಷೆ ಮಾಡ್ತಿದ್ದೆ. ಗೋಡೌನ್ ಕೈ ಹಾಕಿ ನೋಡ್ತಿದ್ದೆ. ಒಪ್ಪಿಕೊಳ್ಳೋಕೆ ನಾಚಿಕೆ ಆಯ್ತು.'

ಅವ್ವ ಹಣೆ ಚಚ್ಚಿಕೊಂಡರು. 'ಅಯ್ಯೋ ನಿನ್ ಪರೀಕ್ಷೆಗೆ ಬೆಂಕಿ ಬೀಳ! ಒಂದ್ ಸೇರು ಮೆಣಸಿನಕಾಯಿ ಸುಟ್ನಲ್ಲೋ' ಎಂದರು. ಅಪ್ಪ ಉಡಿದಾರ ಮುಟ್ಟಿ ನೋಡಿಕೊಂಡರು. ನನ್ನ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. 'ಹನ್ನೆರಡು ದಿನ ನನ್ನ ಬೀದಿ ಸುತ್ತಿಸಿದ್ದು ನೀವಾ? ಹಂಗಾರೆ ಇನ್ನ ಹನ್ನೆರಡು ದಿನ ನೀವು ಸುತ್ತಿ' ಎಂದು ಹೇಳಿ, ನಡುಮನೆಯ ಮೂಲಕವೇ ಜಗಲಿಗೆ ನಡೆದಳು.

ಸುತ್ತಿದೆ. ಬೆಳಿಗ್ಗೆ ಸ್ನಾನಕ್ಕೆ ಟವಲು ಸುತ್ತಿಕೊಂಡು ಓಣಿ, ಊಟಕ್ಕೆ ಓಣಿ, ಕೈ ತೊಳೆಯಲು ಓಣಿ. ಕಂಡಕ್ಟರು ಬಸ್ಸಿನಲ್ಲಿ 'ಮನೇಲೇ ಸಿಕ್ಕಿದ್ನಂತಲ್ಲ ಸಾರ್' ಎಂದ. ಈ ಸಲ ಬಸ್ಸಿಗೆ ಬಸ್ಸೇ ನಕ್ಕಿತು.

ಒಂಬತ್ತನೆಯ ದಿನವೋ ಏನೋ, ಸೋಮವಾರ. ನಾನು ಸ್ನಾನ ಮುಗಿಸಿ ಹಿತ್ತಲಿಂದ ಓಣಿಗಿಳಿಯುವುದರಲ್ಲಿದ್ದೆ. ಒಳಗಿನಿಂದ ಅಪ್ಪ ಕರೆದರು. 'ಇಲ್ ಬಾರಲೇ. ನಡುಮನೆಗೇ ಬಾ, ಪರವಾಗಿಲ್ಲ.'

ತಿಜೋರಿಯ ಮುಂದೆ ಮಣೆಯ ಮೇಲೆ ಕೂತಿದ್ದರು. ಬಾಗಿಲು ತೆರೆದಿರಲಿಲ್ಲ. ಎರಡೂ ಬೀಗದ ಕೈಗಳನ್ನು ಉಡಿದಾರದಿಂದ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡಿದ್ದರು. ಕಾಫಿ ತಂದ ನನ್ನ ಹೆಂಡತಿ ಬಾಗಿಲಲ್ಲೇ ನಿಂತಳು.

'ಗೋಡೌನ್ ಕೈ ಹಾಕ್ತಿದ್ದೆ ಅಂದ್ಯಲ್ಲ,' ಅಪ್ಪ ಕೇಳಿದರು, 'ಯಾವಾಗ ತಗೊಂಡ್ಯೋ? ಇದು ನನ್ ಸೊಂಟ ಬಿಟ್ಟು ಎಲ್ಲೂ ಹೋಗಿಲ್ವಲ್ಲ.'

ಎಷ್ಟೋ ಮಕ್ಕಳನ್ನು ಬೋರ್ಡಿನ ಮುಂದೆ ಹೀಗೆ ನಿಲ್ಲಿಸಿದ್ದೇನೆ, ಅವರ ಕಷ್ಟ ಅವತ್ತು ತಿಳಿಯಿತು. ಅಪ್ಪ ನನ್ನನ್ನು ನೋಡಿದರು. ಆಮೇಲೆ ಬೀಗದ ಕೈಗಳನ್ನು ನೋಡಿದರು. ಯಾವುದು ಯಾವುದೆಂದು ಬೆರಳಲ್ಲಿ ಸವರಿ ಹುಡುಕಿದರು. ಗೊತ್ತಾಗಲಿಲ್ಲ ಎಂದು ಕಾಣುತ್ತದೆ, ಎರಡನ್ನೂ ಎತ್ತಿ ಹಿಡಿದರು. ನಾನು ಕೈ ಚಾಚಿದೆ.

'ನಿಂಗಲ್ಲ ಕಣೋ' ಎಂದು ನನ್ನ ಕೈ ಸರಿಸಿದರು. 'ಬಾರವ್ವ ಇಲ್ಲಿ. ನೀನಿಟ್ಕೊ. ಇವನು ಸುಳ್ಳು ಹೇಳ್ತಾನೆ.'