ಕಿತ್ತ ಟಿಕಳಿಗಳು

ಸುರುಳಿ ಬಿಚ್ಚಿದೊಡನೆ ಹಳೆಯ ಅಂಟಿನ ವಾಸನೆ ಮೂಗಿಗೆ ಬಡಿಯಿತು. ಶಿರಾಳಕೊಪ್ಪದ ನಮ್ಮ ಕುಡುಗೋಲಿನ ಅಂಗಡಿಗೆ ವಿಜ್ಞಾನದ ಮೇಷ್ಟ್ರ ಮಗಳು ತಂದುಕೊಟ್ಟ ಚಾರ್ಟು. "ಅಪ್ಪ ಹೋಗಿ ಎರಡು ತಿಂಗಳಾಯ್ತು ರೀ. ಅಟ್ಟದ ಮೇಲಿತ್ತು. ನಿಮ್ಮ ಹೆಸರೈತೆ ನೋಡ್ರಿ," ಎಂದಳು. ಅಯ್ಯೋ ಎನ್ನಬೇಕಿತ್ತು. ಎನ್ನಲಿಲ್ಲ.

ಮೇಷ್ಟ್ರು ಇದನ್ನು ಇಷ್ಟು ದಿನ ಇಟ್ಟುಕೊಂಡಿದ್ದರಲ್ಲಿ ನಾನು ಪಶ್ಚಾತ್ತಾಪ ಹುಡುಕುವುದಿಲ್ಲ. ಆ ಮನುಷ್ಯ ಸವೆದ ಸೀಮೆಸುಣ್ಣವನ್ನೂ ಎಸೆದವರಲ್ಲ.

ಒಂಬತ್ತನೇ ತರಗತಿ. ಸೊರಬದಲ್ಲಿ ವಿಜ್ಞಾನ ಪ್ರದರ್ಶನ. ದೂರದ ನಕ್ಷತ್ರಗಳ, ಅವುಗಳ ಗ್ರಹಗಳ ಪಟ್ಟಿಯನ್ನು ಇಂಟರ್ನೆಟ್ಟಿನಿಂದ ತೆಗೆದುಕೊಟ್ಟವರು ಅವರೇ. ನಕ್ಷತ್ರವೂ ಅದರ ಗ್ರಹಗಳೂ ಒಂದೇ ಮೋಡದಿಂದ ಹುಟ್ಟುತ್ತವೆ. ಮೋಡದಲ್ಲಿ ಕಬ್ಬಿಣದಂಥ ಭಾರದ ವಸ್ತು ಹೆಚ್ಚಿದ್ದರೆ ದೈತ್ಯ ಗ್ರಹದ ತಿರುಳು ಬೇಗ ಕೂಡಿಕೊಳ್ಳುತ್ತದೆ ಎಂದು ಚೆನ್ನಾಗಿಯೇ ವಿವರಿಸಿದ್ದರು. ಅಷ್ಟನ್ನು ಒಪ್ಪಬೇಕು... ಒಪ್ಪುವುದಕ್ಕೂ ಸಿಟ್ಟು ಬರುತ್ತದೆ.

ಕಬ್ಬಿಣ ಕಡಿಮೆಯಿರುವ ನಕ್ಷತ್ರಗಳು ಎಡಕ್ಕೆ, ಹೆಚ್ಚಿರುವವು ಬಲಕ್ಕೆ. ದೈತ್ಯ ಗ್ರಹವಿದ್ದ ಕಡೆ ಅಮ್ಮನ ಹಣೆಯ ದೊಡ್ಡ ಕೆಂಪು ಟಿಕಳಿ ಅಂಟಿಸಿದೆ. ಬಲಗಡೆ ಕೆಂಪಾಯಿತು. ಎಡಗಡೆಯೂ ಮೂರು ಬಿದ್ದವು.

ಮೇಷ್ಟ್ರು ಇಡೀ ತರಗತಿಗೆ ಚಾರ್ಟು ಎತ್ತಿ ಹಿಡಿದರು. "ಕಬ್ಬಿಣ ಇಲ್ಲದ ಕಡೆ ಇಷ್ಟು ದೊಡ್ಡವು ಹೆಂಗೆ ಹುಟ್ಟಿದ್ವೇ? ನಿಮ್ಮಪ್ಪನ ಕುಲುಮೆಯಿಂದ ಕಳಿಸಿದ್ಯಾ?"

ಎಲ್ಲರೂ ನಕ್ಕರು.

"ಪಟ್ಟಿಯಲ್ಲೇ ಐತಿ ಸಾರ್."

"ಪಟ್ಟಿ ತಂದಿದ್ದು ಯಾರು? ನೀನಾ, ನಾನಾ?"

ಎಡಗಡೆಯ ಟಿಕಳಿಗಳನ್ನು ಉಗುರಿನಿಂದ ಒಂದೊಂದಾಗಿ ಕಿತ್ತು ಮೇಜಿನ ಅಂಚಿಗೆ ಒರೆಸಿದರು. ಅವು ಇದ್ದರೆ ಚಾರ್ಟು ಸೊರಬಕ್ಕೆ ಹೋಗುವುದಿಲ್ಲ, ನಾನೂ ಹೋಗುವುದಿಲ್ಲ ಎಂದರು. ನನಗೆ ಹೋಗಬೇಕಿತ್ತು.

ಸೊರಬದಲ್ಲಿ ತೀರ್ಪುಗಾರರೊಬ್ಬರು ಎಡಗಡೆಯ ಖಾಲಿ ಜಾಗಕ್ಕೆ ಬೆರಳಿಟ್ಟು, "ಇಲ್ಲಿ ಒಂದೂ ಇಲ್ವೇನಮ್ಮಾ?" ಎಂದು ಕೇಳಿದರು. ಅವರ ಬೆನ್ನ ಹಿಂದೆ ಮೇಷ್ಟ್ರು ನಿಂತಿದ್ದರು. ಕಣ್ಣು ಕೆಕ್ಕರಿಸಿದರೋ, ಬೇರೆ ಚಾರ್ಟು ನೋಡುತ್ತಿದ್ದರೋ... ಕೆಕ್ಕರಿಸಿದರು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ನನಗೆ ಅದು ಬೇಕಿತ್ತು. "ಒಂದೂ ಇಲ್ಲ ಸಾರ್" ಎಂದೆ. ಮೊದಲ ಬಹುಮಾನ ಬಂತು.

ಕಬ್ಬಿಣ ಕಡಿಮೆಯಿರುವ ಕಡೆ ದೈತ್ಯ ಗ್ರಹಗಳು ಅಪರೂಪ, ಆದರೆ ಇವೆ ಎಂದು ಆಮೇಲೆ ಎಷ್ಟೋ ಕಡೆ ಓದಿದೆ. ಬಸ್‌ಸ್ಟ್ಯಾಂಡಿನಲ್ಲಿ ಮೇಷ್ಟ್ರನ್ನು ಕಂಡಾಗಲೆಲ್ಲ ಹೇಳಬೇಕೆಂದುಕೊಂಡು ಮುಖ ತಿರುಗಿಸಿದೆ.

ಈಗ ಚಾರ್ಟನ್ನು ಗಲ್ಲಾಪೆಟ್ಟಿಗೆಯ ಮೇಲೆ ಹರಡಿದ್ದೇನೆ. ಟಿಕಳಿ ಕಿತ್ತ ಕಡೆ ಉಳಿದ ಅಂಟು ಧೂಳು ಹಿಡಿದು ಕಪ್ಪಗೆ ದುಂಡಗಾಗಿದೆ. ಎಣಿಸಿದೆ. ಎರಡೇ ಇವೆ. ಬೆಳಕಿಗೆ ಹಿಡಿದು ನೋಡಿದರೂ ಎರಡೇ. ಮೂರನೆಯದನ್ನು ನೆನಪಿನಲ್ಲಿ ನಾನೇ ಯಾವಾಗಲೋ ಅಂಟಿಸಿಕೊಂಡಿರಬೇಕು.

"ಎರಡಾದರೂ ಇದ್ವಲ್ಲ ಸಾರ್," ಎಂದೆ, ಜೋರಾಗಿಯೇ.

ಗದರುವವರು ಯಾರೂ ಇರಲಿಲ್ಲ.