ತೊಳೆಯದೆ ಎತ್ತಿಟ್ಟ ಅಂಗಿ

ಆಗಷ್ಟೇ ಬೆಳಕು ಹರಿಯುತ್ತಿದೆ. ವೃದ್ಧಾಶ್ರಮದ ಹಿಂಬದಿಯ ಬಟ್ಟೆಕೋಣೆಯಲ್ಲಿ ಇಸ್ತ್ರಿ ಅಣ್ಣನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಇದ್ದೊಂದು ಕುರ್ಚಿಯನ್ನು ಒರೆಸಿದ್ದೇ ಒರೆಸುತ್ತಾರೆ, ಬಾಗಿಲಿಗೆ ಬಂದು ಇಣುಕುತ್ತಾರೆ, ದಿಂಬಿನ ಕವರಿಗೆ ಇಸ್ತ್ರಿ ಪೆಟ್ಟಿಗೆ ಒತ್ತುತ್ತಾ ತಮ್ಮಷ್ಟಕ್ಕೆ ನಗುತ್ತಾರೆ.

"ಇವತ್ತು ಟೀಚರಜ್ಜಿ ಬರ್ತೀನಿ ಅಂದಿದಾರೆ! ಬಂದ್ರೆ ಸಾಕು ನಂಗೆ."

ಟೀಚರಜ್ಜಿ ಮೇಲಿನ ಮಹಡಿಯ ನಿವೃತ್ತ ಶಿಕ್ಷಕಿ. ಗಂಡ ತೀರಿಕೊಂಡ ಮೇಲೆ ಕೋಣೆಯಿಂದ ಹೊರಬಂದಿಲ್ಲ, ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ. ಹೀಗೇ ಆದರೆ ಅಜ್ಜನ ಬೆನ್ನಿಗೇ ಹೊರಟುಬಿಡುತ್ತಾರೆಂದು ನರ್ಸಮ್ಮನಿಗೆ ದಿಗಿಲು.

ಇಲ್ಲಿ ಯಾರಾದರೂ ತೀರಿಕೊಂಡರೆ ಅವರ ಬಟ್ಟೆ ಒಗೆದು ದಾನಕ್ಕೆ ಕಟ್ಟುವುದು ಇಸ್ತ್ರಿ ಅಣ್ಣನ ಕೆಲಸ. ಆದರೆ ಕೊನೆಯದಾಗಿ ತೊಟ್ಟದ್ದನ್ನು ಅವರು ನೀರಿಗೆ ಹಾಕುವುದಿಲ್ಲ. ಮೈಯ ವಾಸನೆ ಉಳಿಯಲೆಂದು ಹಾಗೇ ಸುತ್ತಿ ಕಪಾಟಿನಲ್ಲಿಡುತ್ತಾರೆ. ಉಳಿದ ಗಂಡನೋ ಹೆಂಡತಿಯೋ ಕೆಳಗೆ ಬರುವ ಮನಸ್ಸು ಮಾಡಿದಾಗ ಅದನ್ನು ಕೈಗಿತ್ತು, ಮಿಕ್ಕ ಬಟ್ಟೆಗಳನ್ನು ಜೊತೆಯಲ್ಲಿ ಕೂತು ಮಡಚುತ್ತಾರೆ.

"ಸಮಾಧಾನ ಹೇಳೋಕೆ ನಂಗೆ ಬರಲ್ಲ. ಕೈಗೊಂದು ಕೆಲಸ ಕೊಡ್ತೀನಿ. ಅಳು ಬಂದ್ರೆ ಅಳಲಿ ಅಂತ ಸುಮ್ನೆ ಕೂರ್ತೀನಿ."

ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. "ಅಪ್ಪ ಹೋದಾಗ ನೆಂಟರೆಲ್ಲ ಸೇರಿ ಬಟ್ಟೆಬರೆ ಅವತ್ತೇ ಖಾಲಿ ಮಾಡಿಬಿಟ್ರು. ಪಾಪ, ಒಳ್ಳೇದಕ್ಕೇ ಮಾಡಿದ್ದು. ಅಮ್ಮ ಮಾತ್ರ ಸಾಯೋವರೆಗೂ ಅಪ್ಪನ ಸ್ವೆಟರ್ ಹುಡುಕ್ತಾನೇ ಇದ್ಲು."

ದಿನಕ್ಕೆ ಇನ್ನೂರರಷ್ಟು ಬಟ್ಟೆ. ಸಂಜೆಗೆ ಕಾಲು ಊದಿಕೊಳ್ಳುತ್ತದೆ, ಮುಂಗೈ ತುಂಬ ಸುಟ್ಟ ಕಲೆ. "ಕೋಣೆಯನ್ನ ಗೋದಾಮು ಮಾಡಿದೀಯಲ್ಲೋ" ಎಂದು ಮ್ಯಾನೇಜರು ಮೊದಮೊದಲು ಗೊಣಗುತ್ತಿದ್ದರಂತೆ. ಈಗ ಅವರೇ ಹೊಸ ಕಪಾಟು ತರಿಸಿಕೊಟ್ಟಿದ್ದಾರೆ.

ಹೊರಗೆ ಊರುಗೋಲಿನ ಸದ್ದು. ಬಂದೇ ಬಿಟ್ಟರು! ಇಸ್ತ್ರಿ ಅಣ್ಣ ಪೆಟ್ಟಿಗೆ ಆರಿಸಿ, ಕುರ್ಚಿ ಎಳೆದು ಅಜ್ಜಿಯನ್ನು ಕೂರಿಸಿ, ಅಜ್ಜನ ಅಂಗಿಯನ್ನು ಮಡಿಲಿಗಿಡುತ್ತಾರೆ. ಅಜ್ಜಿ ಅದನ್ನು ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಾರೆ. ಬಹಳ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು, ಗಂಟಿನಿಂದ ಇನ್ನೊಂದು ಅಂಗಿ ಎತ್ತಿ ಕಾಲರು ಸವರುತ್ತಾರೆ.

"ಅವರಿಗೆ ಇಸ್ತ್ರಿ ಅಂದ್ರೆ ಪ್ರಾಣ. ಯಾರ ಕೈಗೂ ಕೊಡದೆ ತಾವೇ ಮಾಡ್ಕೋತಿದ್ರು. ಒಂದು ಸುಕ್ಕಿಲ್ಲ ನೋಡು."

"ಎಲ್ಲಾ ನಾನೇ ಮಾಡಿದ್ದಲ್ವಾ ಅಜ್ಜಿ," ಎಂದುಬಿಟ್ಟ ಇಸ್ತ್ರಿ ಅಣ್ಣ ತಕ್ಷಣ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಅಜ್ಜ ಗುಟ್ಟಾಗಿ ತಂದುಕೊಡುತ್ತಿದ್ದ ಅಂಗಿಗಳವು.

ಅಜ್ಜಿಯ ಕನ್ನಡಕ ಮೂಗಿನ ತುದಿಗೆ ಜಾರುತ್ತದೆ. "ಏನಂದೆ? ನಾನೇ ಮಾಡ್ಕೊಂಡೆ, ನಾನೇ ಮಾಡ್ಕೊಂಡೆ ಅಂತ ಇಷ್ಟು ವರ್ಷ ಜಂಬ ಕೊಚ್ಚಿಕೊಂಡಿದ್ದೆಲ್ಲ ಸುಳ್ಳಾ? ಕಳ್ಳ ಮುದುಕ! ನೀನೂ ಅವರ ಜೊತೆ ಸೇರ್ಕೊಂಡಿದ್ದೆಯೇನೋ?"

ಬೈಯುತ್ತಾ ಬೈಯುತ್ತಾ ಅಜ್ಜಿಗೆ ನಗು ಒತ್ತರಿಸಿ ಬರುತ್ತದೆ. ಕಣ್ಣಲ್ಲಿ ನೀರು ಇನ್ನೂ ಇಳಿಯುತ್ತಲೇ ಇದೆ. ಕೊನೆಯ ಅಂಗಿ ಮಡಚಿಟ್ಟು ಊರುಗೋಲು ಹಿಡಿದು ಏಳುತ್ತಾರೆ.

"ನಡಿ, ತಿಂಡಿ ತಿನ್ನೋಣ. ಹೊಟ್ಟೇಲಿ ಏನೂ ಇಲ್ದೆ ಬೈಯೋಕೆ ಶಕ್ತಿ ಸಾಲ್ತಿಲ್ಲ."

ಇಸ್ತ್ರಿ ಅಣ್ಣ ಅಡುಗೆಮನೆಯ ಕಡೆಗೆ ಓಡಿಯೇ ಓಡುತ್ತಾರೆ. "ನರ್ಸಮ್ಮಾ, ಟೀಚರಜ್ಜಿಗೆ ತಿಂಡಿ ಬೇಕಂತೆ! ಬೇಗ ಹಾಕಿ, ನಂಗಿನ್ನೂ ಬೈಯೋದು ಬಾಕಿ ಇದೆಯಂತೆ!"